ಗಾಳಿ ತುಂಬುವ ಮೊದಲು ಅಳತೆ

ಮನೆಯಂಗಳದಲ್ಲೇ ಕಾರಿಗೆ ಏರ್ ಸಸ್ಪೆನ್ಷನ್ ಕೂರಿಸಲು ಹೊರಟ ಹುಡುಗರು ಗ್ಯಾರೇಜಿಗೆ ಬಂದಾಗ ಮೊದಲು ಕೇಳುವುದು ಗಾಳಿ ತುಂಬುವ ಕಂಪ್ರೆಸರ್ ವಿಚಾರ. ಯಾವ ಕಂಪನಿಯದು ಒಳ್ಳೆಯದು, ಟ್ಯಾಂಕ್ ಎಷ್ಟು ಲೀಟರಿನದಿರಬೇಕು, ಮೊಬೈಲ್‌ನಿಂದಲೇ ಏರಿಳಿಸಬಹುದೇ. ಸ್ಪ್ರಿಂಗಿನ ಬದಲು ಕಾರನ್ನು ಹೊರುವ ರಬ್ಬರಿನ ಗಾಳಿಚೀಲ, ಅಂದರೆ ಬೆಲ್ಲೋ, ಕೂರುವ ಜಾಗವನ್ನು ಅಳೆದಿದ್ದೀರಾ ಎಂದು ನಾನು ಕೇಳಿದರೆ ಉತ್ತರ ಬರುವುದಿಲ್ಲ. ಇಡೀ ಕೆಲಸದ ಆಯಸ್ಸು ಆ ಅಳತೆಯಲ್ಲೇ ಇದೆ.

ನಾನು ಈ ಕಸುಬು ಕಲಿತದ್ದು ಬಸ್ಸುಗಳ ಬೆಲ್ಲೋ ಬದಲಿಸುತ್ತ. ಅಲ್ಲಿ ಕಂಡದ್ದನ್ನೇ ಕಾರುಗಳಲ್ಲೂ ಕಾಣುತ್ತಿದ್ದೇನೆ: ಹೆಚ್ಚಿನ ಬೆಲ್ಲೋಗಳು ಒಳಗಿನ ಒತ್ತಡ ತಾಳಲಾರದೆ ಒಡೆಯುವುದಿಲ್ಲ, ಹೊರಗಿನ ಯಾವುದೋ ಲೋಹಕ್ಕೆ ಉಜ್ಜಿ ಉಜ್ಜಿ ಸವೆದು ಹೋಗುತ್ತವೆ. ಬಿಚ್ಚಿ ಬೆಳಕಿಗೆ ಹಿಡಿದರೆ ರಬ್ಬರಿನ ಒಂದು ಪಕ್ಕದಲ್ಲಿ ಅಂಗೈಯಗಲ ಜಾಗ ನುಣುಪಾಗಿ ಹೊಳೆಯುತ್ತಿರುತ್ತದೆ. ಅದರ ನಡುವೆ ಒಳಪದರದ ನೂಲು ಎದ್ದು ಕಾಣುತ್ತದೆ. ಎದುರಿಗಿರುವ ಚಾಸಿಯ ಮೇಲೆ ಬಣ್ಣ ಹೋಗಿ ಕಬ್ಬಿಣ ಬೆಳ್ಳಗಾಗಿರುತ್ತದೆ, ಅಂಚಿನಲ್ಲಿ ಕಾಡಿಗೆಯಂಥ ಕಪ್ಪು ಪುಡಿ ಕೂತಿರುತ್ತದೆ. ಆ ಪುಡಿ ಕಂಡರೆ ಮತ್ತೆ ಅದೇ ಜಾಗಕ್ಕೆ ಹೊಸ ಬೆಲ್ಲೋ ತೊಡಿಸುವುದು ದುಡ್ಡು ಸುರಿದಂತೆಯೇ.

ಮನೆಯಲ್ಲಿ ಮಾಡುವ ಕೆಲಸದಲ್ಲಿ ಎರಡು ಬಗೆ. ಹಿಂಬದಿಯ ಕಾಯಿಲ್ ಸ್ಪ್ರಿಂಗನ್ನು ಹಾಗೆಯೇ ಉಳಿಸಿಕೊಂಡು, ಅದರ ಟೊಳ್ಳಿನೊಳಗೆ ಚಿಕ್ಕ ಗಾಳಿಚೀಲ ಇಡುವುದು ಒಂದು. ಸ್ಪ್ರಿಂಗನ್ನೇ ತೆಗೆದು ನಾಲ್ಕೂ ಚಕ್ರಕ್ಕೆ ಬೆಲ್ಲೋ ಕೂರಿಸುವುದು ಇನ್ನೊಂದು. ಮೊದಲನೆಯದನ್ನು ತಾಳ್ಮೆಯುಳ್ಳವರು ಒಂದು ಭಾನುವಾರ ಮಾಡಿ ಮುಗಿಸಬಹುದು. ಎರಡನೆಯದರಲ್ಲಿ ಅರ್ಧ ಭಾಗವನ್ನಾದರೂ ಹೊರಗೆ ಕೊಡಬೇಕು.

ಚಿಕ್ಕ ಚೀಲದಿಂದಲೇ ಆರಂಭಿಸಿ ಎನ್ನುತ್ತೇನೆ. ಕುಟುಂಬ, ಲಗೇಜು ತುಂಬಿಕೊಂಡಾಗ ಹಿಂಭಾಗ ಕುಸಿಯುವ ಕಾರಿಗೆ ಇದು ನಿಜಕ್ಕೂ ಉಪಕಾರಿ. ಸ್ಪ್ರಿಂಗಿನ ನಡುವೆಯೇ ಶಾಕ್ ಅಬ್ಸಾರ್ಬರ್ ಹಾದುಹೋಗುವ ಕಾರಿಗೆ ಇದು ಹೊಂದುವುದಿಲ್ಲ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರಬೇಕು. ಒಳಗೆ ಬಂಪ್ ಸ್ಟಾಪ್ (ಚಕ್ರ ಮಿತಿ ಮೀರಿ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಇದ್ದರೆ ಕಿಟ್ಟಿನ ಜತೆ ಬಂದ ಸೂಚನೆಯಂತೆ ಮಾತ್ರ ಅದನ್ನು ಮುಟ್ಟಿ. ಈ ಬಗೆಯ ಚೀಲಗಳಲ್ಲಿ ಹೆಚ್ಚು ಬಳಕೆಯಲ್ಲಿರುವವಕ್ಕೆ ಗಾಳಿಯ ಒತ್ತಡದಲ್ಲಿ ಕನಿಷ್ಠ 5, ಗರಿಷ್ಠ 35 ಪಿಎಸ್‌ಐ ಮಿತಿ ಇರುತ್ತದೆ. ಖಾಲಿ ಕಾರಿನಲ್ಲೂ ಆ 5 ಪಿಎಸ್‌ಐ ಇರಲೇಬೇಕು. ಗಾಳಿಯೇ ಇಲ್ಲದ ಚೀಲ ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಕೊಂಡು ಹರಿಯುತ್ತದೆ.

ಎಡ, ಬಲ ಎರಡು ಚೀಲಗಳಿಗೂ ಬೇರೆ ಬೇರೆ ಪೈಪ್ ಎಳೆಯಿರಿ. ಒಂದು ವಾಲ್ವ್ ಉಳಿಸಲು ಎರಡನ್ನೂ ಟಿ ಆಕಾರದ ಫಿಟ್ಟಿಂಗ್ ಹಾಕಿ ಜೋಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಹಗುರಾದ ಕಡೆಗೆ ನುಗ್ಗುತ್ತದೆ. ಹೊರಬದಿ ಕುಸಿದು ಒಳಬದಿ ಏಳುತ್ತದೆ, ಕಾರು ಇನ್ನಷ್ಟು ವಾಲುತ್ತದೆ. ಘಾಟಿಯ ರಸ್ತೆಯಲ್ಲಿ ಇದರ ಪರಿಣಾಮವನ್ನು ಸ್ಟಿಯರಿಂಗ್ ಹಿಡಿದವರೇ ಅನುಭವಿಸಬೇಕಾಗುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು: ಹಿಂಭಾಗ ಮೇಲೆದ್ದ ಮಾತ್ರಕ್ಕೆ ಕಾರಿನ ಸಾಮರ್ಥ್ಯ ಹೆಚ್ಚುವುದಿಲ್ಲ. ಟೈರು, ಬ್ರೇಕು, ಆಕ್ಸಲ್ ಎಲ್ಲವೂ ಮೊದಲು ಎಷ್ಟು ತಾಳುತ್ತಿದ್ದವೋ ಈಗಲೂ ಅಷ್ಟೇ. ಕುಸಿತ ಕಾಣುತ್ತಿಲ್ಲವೆಂದು ಇನ್ನೆರಡು ಮೂಟೆ ಹೇರಿದರೆ ಕಾರು ಕೊಡುತ್ತಿದ್ದ ಎಚ್ಚರಿಕೆಯನ್ನು ನೀವೇ ಅಳಿಸಿದಂತಾಯಿತು.

ಇನ್ನು ಪೂರ್ತಿ ಬೆಲ್ಲೋ ವ್ಯವಸ್ಥೆಗೆ ಬರೋಣ. ಇದು ಹೊಸ ಕನಸೇನೂ ಅಲ್ಲ. 1957ರ ಕ್ಯಾಡಿಲ್ಯಾಕ್ ಎಲ್ಡೊರಾಡೊ ಬ್ರೂಮ್ ಕಾರಿನ ನಾಲ್ಕೂ ಚಕ್ರಗಳಿಗೆ ಕಾರ್ಖಾನೆಯಲ್ಲೇ ಏರ್ ಸಸ್ಪೆನ್ಷನ್ ಬಂದಿತ್ತು. ಸೋರಿಕೆಯ ಕಾಟ ತಾಳಲಾರದೆ ಅದರ ಮಾಲೀಕರಲ್ಲಿ ಹಲವರು ಕಾಯಿಲ್ ಸ್ಪ್ರಿಂಗಿಗೆ ಮರಳಿದರು. ಬಸ್ಸುಗಳಲ್ಲಿ ಈ ವ್ಯವಸ್ಥೆ ನೆಲೆ ನಿಂತದ್ದಕ್ಕೆ ಕಾರಣಗಳಲ್ಲಿ ಒಂದು ಜಾಗ: ಬಸ್ಸಿನ ಅಡಿಯಲ್ಲಿ ಬೆಲ್ಲೋ ಸುತ್ತ ಕೈ ಆಡಿಸುವಷ್ಟು ಅವಕಾಶ ಇರುತ್ತದೆ. ಕಾರಿನಲ್ಲಿ ಬೆರಳು ತೂರಿಸುವುದೂ ಕಷ್ಟ.

ಲೆಕ್ಕ ಹೀಗೆ. ಬೆಲ್ಲೋ ಹೊರುವ ಭಾರವೆಂದರೆ ಒಳಗಿನ ಒತ್ತಡವನ್ನು ಅದರ ಪರಿಣಾಮಕಾರಿ ವಿಸ್ತೀರ್ಣದಿಂದ, ಅಂದರೆ ಒತ್ತಡ ನಿಜಕ್ಕೂ ಭಾರ ಹೊರುವಷ್ಟು ಜಾಗದಿಂದ, ಗುಣಿಸಿದಷ್ಟು. ಹಿಂದಿನ ಒಂದು ಚಕ್ರದ ಮೇಲೆ 300 ಕಿಲೋ ಭಾರ ಇದೆ ಎನ್ನಿ. ಚಕ್ರವನ್ನು ಹಿಡಿದ ಆರ್ಮ್ ಒಂದು ಸನ್ನೆಗೋಲಿನಂತೆ: ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಚಕ್ರಕ್ಕೆ. ಬೆಲ್ಲೋ ಸರಿಯಾಗಿ ನಡುವೆ ಕೂತರೆ ಅದು ಹೊರಬೇಕಾದದ್ದು 300 ಅಲ್ಲ, 600 ಕಿಲೋ. ವಿಸ್ತೀರ್ಣ 130 ಚದರ ಸೆಂಟಿಮೀಟರ್ ಇದ್ದರೆ ಬೇಕಾಗುವ ಒತ್ತಡ ಸುಮಾರು 65 ಪಿಎಸ್‌ಐ. ಬೆಲ್ಲೋವನ್ನು ಚಾಸಿಯ ಕಡೆಗೆ ಇನ್ನಷ್ಟು ಸರಿಸಿದರೆ ಭಾರ ಮತ್ತೂ ಏರುತ್ತದೆ. ಜಾಗ ಸಿಕ್ಕಿತೆಂದು ಒಳಗೆ ತಳ್ಳಿ ಕೂರಿಸಿದವರಿಗೆ ಒತ್ತಡ 100 ದಾಟಿದರೂ ಕಾರು ಏಳದಿರುವುದಕ್ಕೆ ಕಾರಣ ಇದೇ. ಕಂಪ್ರೆಸರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಅಳತೆ ತೆಗೆಯುವಾಗ ಮೂರು ಸ್ಥಿತಿಗಳಲ್ಲೂ ತೆಗೆಯಬೇಕು. ಚಕ್ರ ಪೂರ್ತಿ ಮೇಲಕ್ಕೆ ಹೋದಾಗ, ಪೂರ್ತಿ ಕೆಳಗೆ ಜೋತುಬಿದ್ದಾಗ, ಮತ್ತು ಓಡಿಸುವ ಎತ್ತರದಲ್ಲಿ. ಸ್ಪ್ರಿಂಗ್ ತೆಗೆದ ಮೇಲೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆರ್ಮ್ ಅನ್ನು ಜಾಕ್‌ನಿಂದ ನಿಧಾನವಾಗಿ ಎತ್ತುತ್ತ ಇಳಿಸುತ್ತ ನೋಡಿ. ಬೆಲ್ಲೋ ಅತಿ ದಪ್ಪಗಾಗುವುದು ಅದನ್ನು ಅದುಮಿದಾಗ, ಗಾಳಿ ತುಂಬಿದ ಸ್ಥಿತಿಯಲ್ಲಿ. ಮೇಜಿನ ಮೇಲೆ ಖಾಲಿ ಇಟ್ಟು ಅಳೆದರೆ ಏನೂ ತಿಳಿಯದು. ಅನುಮಾನ ಇರುವ ಮೂಲೆಗಳಿಗೆ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಉಂಡೆ ಮಾಡಿ ಅಂಟಿಸುವುದು ನನ್ನ ರೂಢಿ. ಆರ್ಮ್ ಅನ್ನು ಒಮ್ಮೆ ಪೂರ್ತಿ ಏರಿಸಿ ಇಳಿಸಿದ ಮೇಲೆ ಆ ಉಂಡೆಯನ್ನು ಬಿಡಿಸಿ ನೋಡಿದರೆ, ಚಪ್ಪಟೆಯಾದ ಮೇಲೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗೆ ಉಳಿದ ಅಂತರ. ಸುತ್ತಲೂ ಒಂದು ಬೆರಳಿನಷ್ಟೂ ಉಳಿಯದಿದ್ದರೆ ಬ್ರ್ಯಾಕೆಟ್ಟಿನ ಜಾಗವನ್ನು ಬದಲಿಸಿ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಸೈಲೆನ್ಸರ್ ಪೈಪ್ ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿ ಪೈಪಿನ ಬಳಿ ರಬ್ಬರು ಉಳಿಯುವುದಿಲ್ಲ.

ಚಕ್ರದ ಏರಿಳಿತದ ಎರಡು ತುದಿಗಳಲ್ಲೂ ಮಿತಿ ಹಾಕುವ ಕೆಲಸ ಬೆಲ್ಲೋದದಲ್ಲ, ಬೇರೆ ಭಾಗಗಳದು. ಮೇಲೆ ಬಂಪ್ ಸ್ಟಾಪ್ ಇರಬೇಕು; ಅದಿಲ್ಲದೆ ಗಾಳಿ ಹೋದಾಗ ಇಡೀ ಕಾರು ಬೆಲ್ಲೋದ ಮೇಲೆಯೇ ಕೂರುತ್ತದೆ. ಕೆಳಗೆ ಶಾಕ್ ಅಬ್ಸಾರ್ಬರ್ ತಡೆಯಬೇಕು. ಬೆಲ್ಲೋ ತಾನೇ ಹಿಗ್ಗಿ ಚಕ್ರವನ್ನು ಹಿಡಿದುಕೊಳ್ಳುವಂತಾಗಬಾರದು. ಗಾಳಿ ಬಂದ ಮೇಲೆ ಶಾಕ್ ಯಾಕೆ ಎನ್ನುವವರೂ ಇದ್ದಾರೆ. ಗಾಳಿ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದಿಲ್ಲ.

ಈಗ ಜೀವದ ವಿಚಾರ. ಗಾಳಿಯ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು. ಒಂದು ಫಿಟ್ಟಿಂಗ್ ಕಳಚಿದರೆ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿರುತ್ತದೆ. ಗಟ್ಟಿ ನೆಲ, ಚಾಸಿಯ ಕೆಳಗೆ ಸ್ಟ್ಯಾಂಡ್, ಚಕ್ರ ಉರುಳದಂತೆ ಅಡ್ಡಗಟ್ಟೆ. ಇವಿಲ್ಲದೆ ಪಾನಾ ಹಿಡಿಯಬೇಡಿ. ಮುಂಭಾಗದ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದಾಗಿರುವ ಭಾಗ) ಬಿಚ್ಚುವಾಗ ಸ್ಪ್ರಿಂಗನ್ನು ಕಂಪ್ರೆಸರ್ ಟೂಲ್‌ನಿಂದ ಅದುಮಿದ ಮೇಲೆಯೇ ಮೇಲಿನ ನಟ್ಟಿಗೆ ಕೈ ಹಾಕಿ. ಆ ಟೂಲ್ ಇಲ್ಲದಿದ್ದರೆ ಸ್ಟ್ರಟ್ಟನ್ನು ಹಾಗೆಯೇ ಗ್ಯಾರೇಜಿಗೆ ಕೊಂಡೊಯ್ಯಿರಿ. ಚಾಸಿಗೆ ವೆಲ್ಡಿಂಗ್ ಮಾಡುವ ಕೆಲಸ ಮನೆಯದಲ್ಲವೇ ಅಲ್ಲ. ಪೆಟ್ರೋಲ್ ಟ್ಯಾಂಕು ಹತ್ತಿರವೇ ಇರುತ್ತದೆ, ತಪ್ಪು ಜಾಗದಲ್ಲಿ ಬಿಸಿ ತಾಗಿದ ಉಕ್ಕು ತನ್ನ ಬಲ ಕಳೆದುಕೊಳ್ಳುತ್ತದೆ. ಹಳೆಯ ಗ್ಯಾಸ್ ಸಿಲಿಂಡರನ್ನು ಗಾಳಿಯ ಟ್ಯಾಂಕ್ ಮಾಡಿಕೊಳ್ಳುವ ಯೋಚನೆಯನ್ನೂ ದಯವಿಟ್ಟು ಬಿಡಿ. 150ರಿಂದ 200 ಪಿಎಸ್‌ಐ ತುಂಬುವ ಟ್ಯಾಂಕ್ ಆ ಒತ್ತಡಕ್ಕೆಂದೇ ತಯಾರಾದದ್ದಾಗಿರಬೇಕು, ಅದಕ್ಕೆ ಸೇಫ್ಟಿ ವಾಲ್ವ್ ಇರಬೇಕು.

ಪೈಪಿನ ಕೆಲಸ ಮನೆಯಲ್ಲಿ ಚೆನ್ನಾಗಿ ಆಗುತ್ತದೆ, ಅವಸರ ಮಾಡದಿದ್ದರೆ. ನೈಲಾನ್ ಪೈಪನ್ನು ಕತ್ತರಿಯಿಂದಾಗಲಿ ಕಟಿಂಗ್ ಪ್ಲೇಯರ್‌ನಿಂದಾಗಲಿ ಕತ್ತರಿಸಬೇಡಿ. ತುದಿ ಚಪ್ಪಟೆಯಾಗುತ್ತದೆ, ಓರೆಯಾಗುತ್ತದೆ, ಫಿಟ್ಟಿಂಗಿನೊಳಗಿನ ರಬ್ಬರ್ ರಿಂಗಿಗೆ ಗೀರು ಬೀಳುತ್ತದೆ. ಪೈಪ್ ಕಟ್ಟರ್‌ನಿಂದ ನೇರವಾಗಿ ಕತ್ತರಿಸಿ, ಫಿಟ್ಟಿಂಗಿನೊಳಗೆ ಎಷ್ಟು ಹೋಗಬೇಕೋ ಅಷ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತು ಮರೆಯಾಗುವವರೆಗೆ ತಳ್ಳಿ. ಆಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಗಮನಿಸಿ.

ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗೇಜ್ ನೋಡಿದವರು ನಾಲ್ಕು ಪಿಎಸ್‌ಐ ಇಳಿದಿದೆಯೆಂದು ಗಾಬರಿಯಾಗಿ ಫೋನ್ ಮಾಡುತ್ತಾರೆ. ಸಂಜೆ 30 ಡಿಗ್ರಿ ಸೆಖೆಯಲ್ಲಿ 100 ಇದ್ದದ್ದು ಬೆಳಗಿನ 20 ಡಿಗ್ರಿಯಲ್ಲಿ 96ರ ಆಸುಪಾಸಿಗೆ ಇಳಿಯುವುದು ಗಾಳಿಯ ಸಹಜ ಗುಣ. ಅದಕ್ಕಿಂತ ಹೆಚ್ಚು ಇಳಿದರೆ, ಅಥವಾ ಒಂದೇ ಮೂಲೆ ಇಳಿದರೆ ಸೋರಿಕೆ ಹುಡುಕಿ.

ವೈರಿಂಗ್ ಬಗ್ಗೆ ಇಷ್ಟೇ: ಕಂಪ್ರೆಸರ್‌ಗೆ ರಿಲೇ ಮೂಲಕವೇ ಕರೆಂಟ್ ಕೊಡಿ, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ನಮ್ಮ ಮಳೆಗಾಲದಲ್ಲಿ ಗಾಳಿಯ ಟ್ಯಾಂಕಿನ ತಳದ ಡ್ರೈನ್ ಬಿಚ್ಚಿ ನೀರು ಹೊರಬಿಡುವುದನ್ನು ಮರೆಯಬೇಡಿ.

ಕಾನೂನನ್ನು ತಿಳಿದೇ ಕೈ ಹಾಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ನಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ತಿಳಿಸಿ. ಪೂರ್ತಿ ಬೆಲ್ಲೋ ಕೂರಿಸಿ ಊರ ರಸ್ತೆಯಲ್ಲಿ ಓಡಿಸುತ್ತೇನೆಂದು ಬರುವವರಿಗೆ ನಾನು ಈ ಮಾತು ಹೇಳಿಯೇ ಕೆಲಸದ ಮಾತಿಗೆ ಇಳಿಯುವುದು.

ಎಲ್ಲ ಜೋಡಿಸಿದ ಮೇಲೆ ಓಡಿಸುವ ಎತ್ತರವನ್ನು ನಿಗದಿ ಮಾಡಿ ಮಡ್‌ಗಾರ್ಡ್ ಅಂಚಿನಿಂದ ಚಕ್ರದ ನಡುವಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಆರ್ಮ್‌ಗಳ ಬುಷ್ (ಕೀಲಿನ ರಬ್ಬರು) ಬೋಲ್ಟುಗಳನ್ನು ಕೊನೆಯದಾಗಿ ಬಿಗಿ ಮಾಡುವುದು ಆ ಎತ್ತರದಲ್ಲೇ. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವುದೂ ಅದೇ ಎತ್ತರದಲ್ಲಿ. ಕೊನೆಗೆ, ಕತ್ತಲಾದ ಮೇಲೆ ಕಾರನ್ನು ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ. ಹಿಂಭಾಗ ಇಳಿದು ಮೂತಿ ಎದ್ದಿದ್ದರೆ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತಗ್ಗಿಸಿದ ಮೇಲೆ ರಸ್ತೆಗೆ ಇಳಿಸಿ.