ಹೊಗೆ ಕೊಳವೆಯೊಳಗಿನ ಎರಡನೇ ಪಿಸ್ಟನ್

ಹಳೆಯ ಮೂರು ಚಕ್ರದ ಎಟಿವಿ, ಅಂದರೆ ಮಣ್ಣು ಮರಳಿನಲ್ಲೂ ಓಡುವ ಗಾಡಿ, ಕೈಗೆ ಸಿಕ್ಕಿದ ಕೂಡಲೇ ತುಂಬಾ ಜನ ಮಾಡುವ ಮೊದಲ ಕೆಲಸ ಒಂದೇ. ಸೈಲೆನ್ಸರ್ ಬಿಚ್ಚಿ ಬಿಸಾಡುವುದು. ಇಲ್ಲವೇ ಕೊಳವೆಯನ್ನು ಅರ್ಧಕ್ಕೆ ಕತ್ತರಿಸುವುದು. ಸ್ಟಾರ್ಟ್ ಮಾಡಿದರೆ ಎದೆ ನಡುಗುವಷ್ಟು ಸದ್ದು. ಪಿಕಪ್ ಬಂತು ಅಂತ ಖುಷಿಪಡುತ್ತಾರೆ. ಗಡಿಯಾರ ಹಿಡಿದು ಅದೇ ದಾರಿಯಲ್ಲಿ ಓಡಿಸಿ ನೋಡಿ. ಟೂ-ಸ್ಟ್ರೋಕ್ ಗಾಡಿಯಾದರೆ ಅದು ಮೊದಲಿಗಿಂತ ನಿಧಾನವಾಗಿರುತ್ತದೆ. ಸದ್ದು ಜಾಸ್ತಿಯಾದರೆ ಶಕ್ತಿಯೂ ಜಾಸ್ತಿ ಎಂಬ ಈ ನಂಬಿಕೆ ಎಷ್ಟು ಒಳ್ಳೆಯ ಎಂಜಿನ್‌ಗಳನ್ನು ಹಾಳು ಮಾಡಿದೆಯೋ ಲೆಕ್ಕವಿಲ್ಲ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ. ಯಾಕೆಂದರೆ ಆ ಕೊಳವೆಯೊಳಗೆ ನಡೆಯುವುದು ಎಂಜಿನ್ ವಿಜ್ಞಾನದ ಅತಿ ಸುಂದರ ಸಂಗತಿಗಳಲ್ಲಿ ಒಂದು.

1981ರ ಹೋಂಡಾ ಎಟಿಸಿ 250ಆರ್ ತರಹದ ಗಾಡಿಯನ್ನೇ ತೆಗೆದುಕೊಳ್ಳಿ. ಅದರ ಟೂ-ಸ್ಟ್ರೋಕ್ ಎಂಜಿನ್ ಮಂಡೆಯಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಪೋರ್ಟ್ ಎಂಬ ಕಿಟಕಿಗಳಿವೆ. ಒಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳ ಬಾಗಿಲು. ಸುಟ್ಟ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಪೆಟ್ರೋಲು ಗಾಳಿಯ ಮಿಶ್ರಣ ಒಳಗೆ ಬರಬೇಕು. ಎರಡೂ ಕಿಟಕಿ ಒಟ್ಟಿಗೇ ತೆರೆದಿರುತ್ತವೆ. ಹಾಗಾದರೆ ಒಳಗೆ ಬಂದ ಹೊಸ ಮಿಶ್ರಣ ಹೊಗೆಯ ಹಿಂದೆಯೇ ಹೊರಗೆ ಹರಿದು ಹೋಗುವುದಿಲ್ಲವೇ? ಹೋಗುತ್ತದೆ. ಅದನ್ನು ವಾಪಸ್ ತರುವುದೇ ಕೊಳವೆಯ ಕೆಲಸ.

ಒಂದು ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟಿ, ಈ ತುದಿಯನ್ನು ಒಮ್ಮೆ ಜಾಡಿಸಿ. ಒಂದು ಉಬ್ಬು ಹಾವಿನಂತೆ ಓಡಿ ಕಂಬಕ್ಕೆ ಬಡಿದು ವಾಪಸ್ ಬರುತ್ತದೆ. ಹಗ್ಗ ಎಲ್ಲಿಗೂ ಹೋಗಲಿಲ್ಲ, ಅಲೆ ಹೋಗಿ ಬಂತು. ಹೊಗೆಯ ಕಿಟಕಿ ತೆರೆದಾಗ ಕೊಳವೆಯೊಳಗೂ ಇಂಥದ್ದೇ ಒತ್ತಡದ ಅಲೆ ಹೊರಡುತ್ತದೆ. ಕೊಳವೆ ನಿಧಾನವಾಗಿ ಅಗಲವಾಗುವ ಕಡೆ ಅದು ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಈ ಹೀರುವಿಕೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ತೆಗೆಯುತ್ತದೆ, ಹೊಸ ಮಿಶ್ರಣವನ್ನೂ ಒಳಗೆ ಜಗ್ಗುತ್ತದೆ. ಸ್ವಲ್ಪ ಮಿಶ್ರಣ ಕೊಳವೆಗೂ ಚೆಲ್ಲುತ್ತದೆ. ಅಷ್ಟರಲ್ಲಿ ಮುಂದೆ ಹೋದ ಅಲೆ, ಕೊಳವೆ ಮತ್ತೆ ಸಪೂರವಾಗುವ ಜಾಗಕ್ಕೆ ಬಡಿಯುತ್ತದೆ. ಅಲ್ಲಿಂದ ಅದು ತಳ್ಳುವ ಅಲೆಯಾಗಿಯೇ ವಾಪಸ್ ಬಂದು, ಚೆಲ್ಲಿದ ಮಿಶ್ರಣವನ್ನು ಸಿಲಿಂಡರಿಗೆ ತುರುಕುತ್ತದೆ. ಅದೇ ಕ್ಷಣಕ್ಕೆ ಪಿಸ್ಟನ್ ಬಾಗಿಲು ಹಾಕುತ್ತದೆ. ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತಾಡುವವರನ್ನು ಹಿಂದಿನಿಂದ ಒಬ್ಬರು ಒತ್ತಿ ಒಳಗೆ ಸೇರಿಸಿದ ತಕ್ಷಣ ಬಾಗಿಲು ಹಾಕಿದ ಹಾಗೆ. ಒತ್ತುವುದು ಒಂದು ಕ್ಷಣ ಮುಂಚೆ ಆದರೂ ಕೆಟ್ಟಿತು, ತಡವಾದರೂ ಕೆಟ್ಟಿತು.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 8000 ಸುತ್ತು ಅಂದರೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 7.5. ಆ ಸುತ್ತಿನ 360 ಡಿಗ್ರಿಯಲ್ಲಿ ಹೊಗೆಯ ಕಿಟಕಿ ಸುಮಾರು 190 ಡಿಗ್ರಿ ತೆರೆದಿರುತ್ತದೆ ಅಂದುಕೊಳ್ಳಿ. ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 4. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟು ಹೊತ್ತಲ್ಲಿ ಅಲೆ ಓಡುವುದು 2 ಮೀಟರ್. ಹೋಗಿ ಬರಬೇಕಲ್ವಾ, ಹಾಗಾಗಿ ಕೊಳವೆಯ ಉದ್ದ 1 ಮೀಟರ್ ಆಸುಪಾಸು. ಒಂದು ಟೇಪ್ ಹಿಡಿದು ನಿಜವಾದ ರೇಸ್ ಕೊಳವೆ ಅಳೆಯಿರಿ, ಹತ್ತಿರ ಹತ್ತಿರ ಅಷ್ಟೇ ಇರುತ್ತದೆ! ಮೊದಲ ಸಲ ಈ ಲೆಕ್ಕ ಕೂಡಿಬಂದಾಗ ನನಗೆ ರೋಮಾಂಚನವಾಗಿತ್ತು.

ಅದೇ ಎಂಜಿನ್ 4000 ಸುತ್ತಿನಲ್ಲಿದ್ದರೆ? ಕಿಟಕಿ ಎರಡರಷ್ಟು ಹೊತ್ತು ತೆರೆದಿರುತ್ತದೆ, ಅಲೆ ಮಾತ್ರ ಅದೇ ವೇಗದಲ್ಲಿ ನಡುವೆಯೇ ಬಂದು ಬಿಡುತ್ತದೆ. ಒತ್ತಿ ಸೇರಿಸಿದ್ದೆಲ್ಲ ಮತ್ತೆ ಹೊರಗೆ ಚೆಲ್ಲುತ್ತದೆ. ಹಳೆಯ ಟೂ-ಸ್ಟ್ರೋಕ್ ಗಾಡಿ ಮೊದಲು ಮಂಕಾಗಿ ಹೋಗಿ, ಒಂದು ಹಂತದಲ್ಲಿ ಯಾರೋ ಹಿಂದಿನಿಂದ ನೂಕಿದಂತೆ ಹಾರುವುದು ಇದಕ್ಕೇ. ಕೊಳವೆ ಕತ್ತರಿಸಿದರೆ ಅಲೆಯ ಹೊತ್ತೇ ತಪ್ಪುತ್ತದೆ. "ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು" ಅನ್ನುವ ಮಾತೂ ಸರಿಯಲ್ಲ. ಸದಾ ಒತ್ತಿ ಹಿಡಿಯುವ ತಡೆಯಿಂದ ನಷ್ಟವೇ. ಬೇಕಾದ್ದು ಹೊತ್ತಿಗೆ ಸರಿಯಾಗಿ ಬರುವ ಒಂದು ತಳ್ಳು.

ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. 1950ರ ದಶಕದಲ್ಲಿ, ಹಣವೂ ಸಾಮಗ್ರಿಯೂ ಕಡಿಮೆ ಇದ್ದ ಕಾರ್ಖಾನೆಯಲ್ಲಿ, ಅವರು ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಟ್ಟುಕೊಂಡು ಕೊಳವೆಯೊಳಗಿನ ಅಲೆಗಳನ್ನು ಕಣ್ಣಾರೆ ನೋಡಿದರು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 200! ಅದೇ ವರ್ಷ ಸ್ವೀಡನ್ ರೇಸಿನ ವೇಳೆ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿದರು, ಈ ವಿದ್ಯೆಯನ್ನು ಸುಜುಕಿಗೆ ಒಯ್ದರು. 1962ರಲ್ಲಿ ಸುಜುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದರು. ಮುಂದೆ ಜಪಾನಿನಿಂದ ಬಂದ ಟೂ-ಸ್ಟ್ರೋಕ್ ಗಾಡಿಗಳ ಹೊಟ್ಟೆ ಉಬ್ಬಿದ ಕೊಳವೆಗಳಲ್ಲಿ ಕಾಡೆನ್ ಅವರ ಅಲೆಗಳೇ ಓಡಿದವು.

ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಅಲೆಯ ಆಟ ಇಷ್ಟು ಜೋರಿಲ್ಲ. ಅಲ್ಲಿ ಕೊಳವೆ ಒಂದನ್ನೇ ಬದಲಿಸಿದರೆ ಸಿಗುವುದು ಅಲ್ಪ.

ಎರಡನೇ ತಪ್ಪು ಏರ್ ಫಿಲ್ಟರ್ ತೆಗೆಯುವುದು. ಗಾಳಿ ಜಾಸ್ತಿ ಹೋಗುತ್ತದೆ ನಿಜ. ಆದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ಸಣ್ಣ ತೂತಿನ ಜೆಟ್ ಅದೇ ಇದ್ದರೆ ಪೆಟ್ರೋಲು ಸಾಲುವುದಿಲ್ಲ. ಪೂರ್ತಿ ಶಕ್ತಿ ಬರಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹನ್ನೆರಡೂವರೆ, ಹದಿಮೂರು ಪಾಲು ಗಾಳಿ ಇರಬೇಕು. ಗಾಳಿ ಮಿತಿಮೀರಿದರೆ ಪಿಸ್ಟನ್ ವಿಪರೀತ ಕಾಯುತ್ತದೆ. ಅದೋ ಅಲ್ಯೂಮಿನಿಯಂ, 660 ಡಿಗ್ರಿಗೆ ಕರಗುವ ಲೋಹ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಗಾಡಿಯಲ್ಲಿ ಇನ್ನೂ ಒಂದು ಪೆಟ್ಟು: ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ. ನನ್ನ ಮೇಜಿನ ಮೇಲೆ ಹೀಗೆ ಕಾದು ಸಿಲಿಂಡರಿಗೆ ಕಚ್ಚಿಕೊಂಡ, ಅಂದರೆ ಸೀಜ್ ಆದ ಪಿಸ್ಟನ್ ಒಂದಿದೆ. ಹೊಗೆಯ ಕಿಟಕಿಯ ಕಡೆ ಅಂಚು ಗೆದ್ದಲು ತಿಂದಂತೆ ಸವೆದಿದೆ. ಪಕ್ಕದಲ್ಲಿ ಉದ್ದಕ್ಕೆ ಗೀರುಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ದೊಡ್ಡ ತೂತಿನ ಒಂದು ಜೆಟ್ ಹಾಕಿದ್ದರೆ ಅದು ಇಂದಿಗೂ ಓಡುತ್ತಿತ್ತು.

ಹೊಸ ಶಕ್ತಿ ಹುಡುಕುವ ಮುಂಚೆ ಕಳೆದುಹೋದದ್ದನ್ನು ವಾಪಸ್ ಪಡೆಯಬಹುದು. ಈ ಗಾಡಿಗಳಿಗೆ ನಾಲ್ಕು ದಶಕದ ಆಸುಪಾಸು ವಯಸ್ಸು. ಅಮೆರಿಕದಲ್ಲಿ 1988ರ ಒಪ್ಪಂದದಿಂದ ಹೊಸ ಮೂರು ಚಕ್ರದವುಗಳ ಮಾರಾಟವೇ ನಿಂತಿತು. ಪ್ಲಗ್ ಜಾಗದಲ್ಲಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ ಒದ್ದು ನೋಡಿ. ಮುಳ್ಳು ಕೆಳಗೇ ನಿಂತರೆ ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿ. ಈಗ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದರ್ಥ. ಹಿಂದಿನ ಆಕ್ಸಲ್ ಒಂದೇ ತುಂಡು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ. ಎರಡು ಟೈರುಗಳ ಸುತ್ತಳತೆ ಒಂದೇ ಇಲ್ಲದಿದ್ದರೆ ನೇರ ದಾರಿಯಲ್ಲೂ ಒಂದು ಟೈರು ಉಜ್ಜುತ್ತಲೇ ಇರುತ್ತದೆ. ಅಲ್ಲೂ ಶಕ್ತಿ ಸೋರುತ್ತದೆ.

ಇನ್ನು ಟಾಪ್ ಸ್ಪೀಡ್. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಎಂಜಿನ್ ಶಕ್ತಿ ಎರಡರಷ್ಟಾದರೂ ವೇಗ ಏರುವುದು ಸುಮಾರು ಶೇ 26. ಎಂಜಿನ್ ಟಾಪ್ ಗೇರಿನಲ್ಲಿ ಕೂಗಿ ಕೂಗಿ ಇನ್ನು ಜೋರಾಗಿ ಸುತ್ತಲಾರದ ಹಂತಕ್ಕೆ ಬಂದುಬಿಡುತ್ತಿದ್ದರೆ, ಚೈನ್ ಕೂರುವ ಹಿಂದಿನ ಹಲ್ಲಿನ ಚಕ್ರದಲ್ಲಿ (ಸ್ಪ್ರಾಕೆಟ್) ಒಂದೆರಡು ಹಲ್ಲು ಕಡಿಮೆ ಮಾಡಿದರೆ ಸಾಕು, ವೇಗ ಏರುತ್ತದೆ. ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ವೇಗ ಏರಿದರೆ ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 30 ಕಿಲೋಮೀಟರ್ ಇದ್ದದ್ದು 36 ಆದರೆ ಬಲ ಶೇ 44 ಜಾಸ್ತಿ. ಮೂರು ಚಕ್ರ ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ತ್ರಿಕೋನ. ಮುಂದಕ್ಕೆ ಹೋದಷ್ಟೂ ಅದು ಕಿರಿದು. ತಿರುವಿನಲ್ಲಿ ಬ್ರೇಕ್ ಹಿಡಿದರೆ ಭಾರ ಜಾರುವುದು ಆ ಕಿರಿದಾದ ಮೂಲೆಯ ಕಡೆಗೇ, ಆಗ ಗಾಡಿ ಮಗುಚುವುದು ಸುಲಭ. ಅದಕ್ಕೇ ಬ್ರೇಕ್ ಹಿಡಿಯುವುದನ್ನೆಲ್ಲ ನೇರ ದಾರಿಯಲ್ಲೇ ಮುಗಿಸಿ, ಆಮೇಲೆ ಮೈಯನ್ನು ಒಳಕ್ಕೆ ಚಾಚಿ ತಿರುಗಿಸಬೇಕು.