ಮೋಂ-ವಲೇರಿಯಾಂ: ಸಾವಿರ ಹೆಸರುಗಳು ಗಂಟೆಯ ಮೇಲೆ ಬರುವವರೆಗೆ

ಪ್ಯಾರಿಸ್ಸಿನ ಬೀದಿಗಳಲ್ಲಿ ಗೋಡೆಗಳನ್ನು ನೋಡುತ್ತಾ ನಡೆದರೆ ಅಲ್ಲಲ್ಲಿ ಚಿಕ್ಕ ಕಲ್ಲಿನ ಫಲಕಗಳು ಕಾಣುತ್ತವೆ. ಒಂದು ಹೆಸರು, 1944ರ ಆಗಸ್ಟ್ ತಿಂಗಳ ಒಂದು ದಿನಾಂಕ, ‘ಇಲ್ಲಿ ಬಿದ್ದರು’ ಎಂಬ ಮಾತು. ಪಕ್ಕದಲ್ಲಿ ಹೂಗೊಂಚಲು ಸಿಕ್ಕಿಸಲು ಲೋಹದ ಬಳೆ. ನಗರವನ್ನು ಜರ್ಮನರಿಂದ ಬಿಡಿಸಿಕೊಂಡ ಆ ವಾರ ಗುಂಡೇಟಿಗೆ ಸತ್ತವರು ಇವರು. ಸತ್ತ ಜಾಗ ಎಲ್ಲರಿಗೂ ಗೊತ್ತಿತ್ತು, ಹೂ ಇಡಲು ಮನೆಯವರಿದ್ದರು, ಜೊತೆಗಾರರಿದ್ದರು.

ಅದಕ್ಕೂ ಮೊದಲು, ಜರ್ಮನ್ ಹಿಡಿತದ ವರ್ಷಗಳಲ್ಲಿ ಕೊಲೆಯಾದವರಿಗೆ ಈ ಭಾಗ್ಯ ಇರಲಿಲ್ಲ. ಪ್ಯಾರಿಸ್ಸಿನ ಪಶ್ಚಿಮಕ್ಕೆ, ಸೇನ್ ನದಿಯಾಚೆ ಸ್ಯುರೆನ್ ಎಂಬ ಊರಿದೆ. ಅಲ್ಲಿನ ಮೋಂ-ವಲೇರಿಯಾಂ ಗುಡ್ಡದ ಕೋಟೆಯಲ್ಲಿ 1941ರಿಂದ 1944ರವರೆಗೆ ಜರ್ಮನ್ ಸೇನೆ ಸಾವಿರಕ್ಕೂ ಹೆಚ್ಚು ಹೋರಾಟಗಾರರನ್ನೂ ಒತ್ತೆಯಾಳುಗಳನ್ನೂ ಗುಂಡಿಟ್ಟು ಕೊಂದಿತು. ಸರದಿ ಬರುವವರೆಗೆ ಕೈದಿಗಳನ್ನು ಕೂಡಿಹಾಕುತ್ತಿದ್ದ ಪುಟ್ಟ ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಅವರು ಗೀಚಿದ ಕೊನೆಯ ಮಾತುಗಳು ಇಂದಿಗೂ ಉಳಿದಿವೆ. ಶವಗಳನ್ನು ಮಾತ್ರ ಒಂದೆಡೆ ಹೂಳಲಿಲ್ಲ. ಸಮಾಧಿಗಳು ಜನ ಸೇರುವ ತಾಣವಾಗಬಾರದೆಂದು ಸುತ್ತಲಿನ ಬೇರೆಬೇರೆ ಸ್ಮಶಾನಗಳಿಗೆ ಹಂಚಿಬಿಟ್ಟರು.

ಯುದ್ಧ ಮುಗಿದ ಮೇಲೆ ಗುಂಡಿಕ್ಕಿದ ಬಯಲಿನಲ್ಲಿ ಒಂದು ಕಲ್ಲುಚಪ್ಪಡಿ ಬಂತು. ಅದರ ಪ್ರಕಾರ ಇಲ್ಲಿ ಬಿದ್ದವರು 4,500ಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಅದರ ಕಾಲುಭಾಗದಷ್ಟು. ದುಃಖದಲ್ಲಿ ಎಣಿಕೆ ತಪ್ಪಿದ್ದನ್ನು ನಾನು ದೊಡ್ಡ ದೋಷವೆನ್ನಲಾರೆ. ಆದರೆ ಸತ್ತವರು ಬರೀ ಒಂದು ಸಂಖ್ಯೆಯಾಗಿ ಉಳಿದರಲ್ಲ, ನೋವಿನ ಸಂಗತಿ ಅದು.

1960ರ ಜೂನ್ 18ರಂದು ಆಗಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಗುಡ್ಡದ ಇಳಿಜಾರಿನಲ್ಲಿ ರಾಷ್ಟ್ರೀಯ ಸ್ಮಾರಕವನ್ನು ಉದ್ಘಾಟಿಸಿದರು. ಉದ್ದನೆಯ ಕಲ್ಲುಗೋಡೆ, ಕಂಚಿನ ಉಬ್ಬುಶಿಲ್ಪಗಳು, ನಡುವೆ ಡಿ ಗಾಲ್ ನಾಯಕತ್ವದ ಹೋರಾಟದ ಗುರುತಾಗಿದ್ದ ಲೊರೇನ್ ಶಿಲುಬೆ. ಅದು ಹೋರಾಡಿದ ಇಡೀ ಫ್ರಾನ್ಸಿನ ಸ್ಮಾರಕ. ಅದೇ ಗುಡ್ಡದಲ್ಲಿ ಪ್ರಾಣ ಬಿಟ್ಟವರ ಹೆಸರುಪಟ್ಟಿಗೆ ಆ ಗೋಡೆಯಲ್ಲಿ ಜಾಗ ಸಿಗಲಿಲ್ಲ. ಸತ್ತವರಲ್ಲಿ ಬಹಳಷ್ಟು ಜನ ಕಮ್ಯುನಿಸ್ಟರು, ಎಷ್ಟೋ ಮಂದಿ ವಲಸೆ ಬಂದವರು, ಯಹೂದಿಗಳು.

ವಕೀಲ, ಇತಿಹಾಸಕಾರ ಸೆರ್ಜ್ ಕ್ಲಾರ್ಸ್‌ಫೆಲ್ಡ್ ಮೊದಲಾದವರು ದಾಖಲೆ ಕೆದಕಿ ಒಬ್ಬೊಬ್ಬರನ್ನೇ ಗುರುತಿಸಿದರು. ಸಂಸದ ರಾಬರ್ಟ್ ಬಾದಿಂತೇರ್ ಒತ್ತಾಯಿಸಿದರು. ಕೊನೆಗೆ 2003ರಲ್ಲಿ, ಕಲಾವಿದ ಪಾಸ್ಕಾಲ್ ಕೋನ್ವೇರ್ ರೂಪಿಸಿದ ದೊಡ್ಡ ಕಂಚಿನ ಗಂಟೆಯ ಮೇಲೆ ಆ ಸಾವಿರ ಹೆಸರುಗಳು ಬಂದವು. 1944ರ ಫೆಬ್ರವರಿ 21ರಂದು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದ ಅರ್ಮೇನಿಯನ್ ಕವಿ ಮಿಸಾಕ್ ಮನೂಷಿಯನ್ ಹೆಸರೂ ಅದರಲ್ಲಿದೆ. ಈತ ಮುನ್ನಡೆಸಿದ ಹೋರಾಟಗಾರರ ಗುಂಪನ್ನು ಬೆನ್ನಟ್ಟಿ ಹಿಡಿದುಕೊಟ್ಟದ್ದು ಫ್ರಾನ್ಸಿನದೇ ಪೊಲೀಸರು. ದೇಶದ ಮಹನೀಯರ ಸಮಾಧಿಗಳಿರುವ ಪಾಂತೆಯೋನ್‌ಗೆ ಅವನನ್ನು ಒಯ್ದದ್ದು 2024ರ ಫೆಬ್ರವರಿ 21ರಂದು, ಸರಿಯಾಗಿ ಎಂಬತ್ತು ವರ್ಷಗಳ ನಂತರ.

ಗಂಟೆಯ ಮೇಲೆ ಹೆಣ್ಣಿನ ಹೆಸರು ಒಂದೂ ಇಲ್ಲ. ಮೋಂ-ವಲೇರಿಯಾಂನಲ್ಲಿ ಹೆಂಗಸರಿಗೆ ಗುಂಡಿಕ್ಕಲಿಲ್ಲ, ಅವರನ್ನು ಜರ್ಮನಿಗೆ ಸಾಗಿಸುತ್ತಿದ್ದರು. ಮನೂಷಿಯನ್ ಗುಂಪಿನ ಓಲ್ಗಾ ಬಾನ್ಚಿಕ್‌ಳ ತಲೆ ಕಡಿದದ್ದು ಸ್ಟುಟ್‌ಗಾರ್ಟ್‌ನಲ್ಲಿ, 1944ರ ಮೇ 10ರಂದು.

ಅದೇ ಸ್ಯುರೆನ್ ಊರಿನಲ್ಲಿ ‘ಫಜಲ್ ಮಂಜಿಲ್’ ಎಂಬ ಮನೆಯಿದೆ. ನಮ್ಮ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರ ಮೌಲಾ ಬಕ್ಷ್ ಟಿಪ್ಪು ಮನೆತನದ ಹೆಣ್ಣನ್ನು ಮದುವೆಯಾಗಿದ್ದರೆಂದು ಆ ಕುಟುಂಬದವರು ಹೇಳುತ್ತಾ ಬಂದಿದ್ದಾರೆ. ಮೌಲಾ ಬಕ್ಷ್ ಅವರ ಮಗಳ ಮಗ ಸೂಫಿ ಇನಾಯತ್ ಖಾನ್. ಇನಾಯತ್ ಖಾನರ ಮಗಳು ನೂರ್ ಬೆಳೆದದ್ದು ಈ ಮನೆಯಲ್ಲಿ. 1943ರ ಜೂನ್‌ನಲ್ಲಿ ಬ್ರಿಟಿಷರ ಗುಪ್ತದಳದ ರೇಡಿಯೊ ನಿರ್ವಾಹಕಿಯಾಗಿ ಫ್ರಾನ್ಸಿಗೆ ಬಂದಿಳಿದ ಆಕೆ ಅಕ್ಟೋಬರ್‌ನಲ್ಲಿ ಸೆರೆ ಸಿಕ್ಕಳು. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖಾವ್ ನಾಜಿ ಸೆರೆಶಿಬಿರದಲ್ಲಿ ಇನ್ನೂ ಮೂವರು ಹೆಂಗಸರೊಂದಿಗೆ ಆಕೆಯನ್ನು ಕೊಂದರು. ಫಜಲ್ ಮಂಜಿಲ್‌ನ ಗೋಡೆಯಲ್ಲೂ ಒಂದು ಫಲಕವಿದೆ. ಪ್ಯಾರಿಸ್ಸಿನ ಫಲಕಗಳಂತೆ ‘ಇಲ್ಲಿ ಬಿದ್ದರು’ ಎನ್ನಲು ಅದಕ್ಕಾಗದು. ನೂರ್ ಇನಾಯತ್ ಖಾನ್, ಹೋರಾಟದಲ್ಲಿ ‘ಮಾದ್ಲೆನ್’, ಇಲ್ಲಿ ವಾಸವಾಗಿದ್ದಳು ಎನ್ನುತ್ತದೆ.