ಕೂಸಿನ ಮನೆಗೆ ನೆರವು ತಡವಾಗಿ ಬಂತು: ಅಮೆರಿಕದ ಸೈನಿಕ ಕುಟುಂಬಗಳ ಎಂಬತ್ತು ವರ್ಷದ ಕತೆ

2007ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರ ಮನೆಗಳಿಗೆ ಒಂದು ಸುದ್ದಿ ತಲುಪಿತು. ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ ಹೋದ ಭೂಸೇನೆಯವರು ಇನ್ನು 12 ತಿಂಗಳಿಗೆ ವಾಪಸಾಗುವುದಿಲ್ಲ, 15 ತಿಂಗಳು ಅಲ್ಲೇ ಇರಬೇಕು ಎಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಪ್ರಕಟಿಸಿದ್ದರು. ಮಗು ಹುಟ್ಟಿದ ವಾರವೇ ಹೊರಟ ಅಪ್ಪನ ಪಾಲಿಗೆ ಇದರ ಅರ್ಥ ಏನು? ಅವನು ತಿರುಗಿ ಬರುವಷ್ಟರಲ್ಲಿ ಕೂಸು ಬೋರಲು ಬಿದ್ದು, ಅಂಬೆಗಾಲಿಟ್ಟು, ಎದ್ದು ನಡೆದು, ನಾಲ್ಕಾರು ಮಾತೂ ಕಲಿತಿರುತ್ತದೆ. ನಡುವೆ ಸಿಗುವ ಒಂದು ಚಿಕ್ಕ ರಜೆ ಬಿಟ್ಟರೆ ಅಪ್ಪ ಅದಕ್ಕೆ ಕಾಣುವುದು ಪರದೆಯ ಮೇಲೆ ಮಾತ್ರ. ಇತ್ತ ಸೇನಾ ನೆಲೆಯ ಕ್ವಾರ್ಟರ್ಸ್‌ನಲ್ಲಿ ಅಮ್ಮ ಒಬ್ಬಳೇ. ತವರು ಎಷ್ಟೋ ರಾಜ್ಯಗಳಾಚೆ ಇರುತ್ತದೆ.

ಇಂಥ ಮನೆಗಳಿಗೆಂದೇ ಇವತ್ತು ಅಲ್ಲಿ ಹಲವು ಕಾರ್ಯಕ್ರಮಗಳಿವೆ. ಬಾಣಂತಿಯ ಮನೆಗೇ ನರ್ಸ್ ಬರುತ್ತಾರೆ. ಡೇಕೇರ್ ಇದೆ, ಯುದ್ಧದಿಂದ ಬಂದ ಅಪ್ಪನಿಗೆ ಮಗುವಿನ ಜೊತೆ ಮತ್ತೆ ಹೊಂದಿಕೊಳ್ಳುವುದನ್ನು ಕಲಿಸುವ ತರಬೇತಿ ಇದೆ. ಆದರೆ ಇವು ಯಾವುವೂ ಸುಮ್ನೆ ಬರಲಿಲ್ಲ. ಹೆಚ್ಚಿನ ಸಲ ನೆರವು ಬಂದದ್ದು ಏನಾದರೂ ಕೆಟ್ಟದ್ದು ನಡೆದ ಮೇಲೆ. ಅದರಲ್ಲೂ ಮಾತು ಬಾರದ ಮಕ್ಕಳ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ಶಾಲೆಗೆ ಹೋಗುವ ಮಗು ಹಟ ಮಾಡಿದರೆ ಟೀಚರ್ ಗಮನಿಸುತ್ತಾರೆ. ಎಂಟು ತಿಂಗಳ ಕೂಸು ರಾತ್ರಿಯೆಲ್ಲ ಅತ್ತರೆ ಗಮನಿಸುವುದು ಅದರ ಅಮ್ಮ ಮಾತ್ರ.

ಹಳೆಯ ಅಮೆರಿಕದ ಸೇನೆಗೆ ಮದುವೆಯಾದ ಸಿಪಾಯಿಯೇ ಬೇಡವಾಗಿದ್ದ. ಶಾಂತಿಕಾಲದಲ್ಲಿ ಮದುವೆಯಾದವರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳಬಾರದು ಎಂಬ ಕಾನೂನು 1847ರಲ್ಲೇ ಬಂದಿತ್ತು. "ನಿನಗೆ ಹೆಂಡತಿ ಬೇಕು ಅಂತ ಸೇನೆಗೆ ಅನ್ನಿಸಿದ್ದರೆ, ಸೇನೆಯೇ ಒಬ್ಬಳನ್ನು ಕೊಡುತ್ತಿತ್ತು" ಎಂಬ ಮಾತು ಬ್ಯಾರಕ್‌ಗಳಲ್ಲಿ ತಲೆಮಾರುಗಟ್ಟಲೆ ಓಡಾಡಿದೆ. ಬಂದೂಕು, ಬೂಟು, ಕಂಬಳಿ ಕೊಡುವುದು ಸೇನೆಯ ಕೆಲಸ, ಮನೆ ನಿನ್ನ ಪಾಡು ಎಂದು ಅದರ ಅರ್ಥ.

ಎರಡನೇ ಮಹಾಯುದ್ಧ ಬಂದಾಗ ಈ ಧೋರಣೆ ನಡೆಯಲಿಲ್ಲ. ಲಕ್ಷಗಟ್ಟಲೆ ಯುವಕರು ಸೇನೆಗೆ ಸೇರಿದರು. ಅವರ ಹಿಂದೆಯೇ ಹೆಂಡತಿಯರೂ ಸೇನಾ ನೆಲೆಗಳ ಸುತ್ತಲಿನ ಊರುಗಳಿಗೆ ಬಂದರು, ಅವರಲ್ಲಿ ಅನೇಕರು ಬಸುರಿಯರು. ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್ ನೆಲೆಯ ಆಸ್ಪತ್ರೆಗೆ 1941ರಲ್ಲಿ ಈ ಹೆರಿಗೆಗಳನ್ನು ನಿಭಾಯಿಸಲು ಆಗಲಿಲ್ಲ. ಅಲ್ಲಿಯ ಆರೋಗ್ಯಾಧಿಕಾರಿಗಳು ತಾಯಿ ಮಕ್ಕಳ ಆರೈಕೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಚಿಲ್ಡ್ರನ್ಸ್ ಬ್ಯೂರೋವನ್ನು ಕೇಳಿ, ಬಡ ತಾಯಂದಿರಿಗೆಂದು ಇಟ್ಟಿದ್ದ ಹಣವನ್ನು ಇದಕ್ಕೆ ಬಳಸಿಕೊಂಡರು. ಬೇಡಿಕೆ ದೇಶದ ಎಲ್ಲ ಕಡೆಯಿಂದಲೂ ಬಂತು. 1943ರಲ್ಲಿ ಸಂಸತ್ತು ಪ್ರತ್ಯೇಕ ಹಣ ಕೊಟ್ಟು 'ತುರ್ತು ತಾಯಿ ಮತ್ತು ಶಿಶು ಆರೈಕೆ' ಎಂಬ ಯೋಜನೆಯನ್ನೇ ಶುರು ಮಾಡಿತು.

ಈ ಯೋಜನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆಳಗಿನ ನಾಲ್ಕು ದರ್ಜೆಯ ಸೈನಿಕರ ಹೆಂಡತಿಯರಿಗೆ ಬಸುರಿನ ತಪಾಸಣೆ, ಹೆರಿಗೆ, ಬಾಣಂತನದ ಆರು ವಾರದ ಆರೈಕೆ, ಮಗುವಿಗೆ ಒಂದು ವರ್ಷ ತುಂಬುವವರೆಗೆ ಚಿಕಿತ್ಸೆ, ಎಲ್ಲವೂ ಉಚಿತ. ನಿಮ್ಮ ಆದಾಯ ಎಷ್ಟು ಎಂದು ಯಾರೂ ಕೇಳುವಂತಿರಲಿಲ್ಲ. ಸುಮಾರು 12 ಲಕ್ಷ ಹೆರಿಗೆಗಳು ಇದರಡಿ ಆದವು. ಅದು ಜೋರಾಗಿದ್ದ ದಿನಗಳಲ್ಲಿ ಅಮೆರಿಕದಲ್ಲಿ ಹುಟ್ಟುತ್ತಿದ್ದ ಏಳು ಮಕ್ಕಳಲ್ಲಿ ಒಂದು ಈ ಯೋಜನೆಯ ಮಗು. ಇಷ್ಟು ದೊಡ್ಡ ಕೆಲಸ ಮಾಡಿ ತೋರಿಸಿದ ದೇಶ ಯುದ್ಧ ಮುಗಿದ ಮೇಲೆ ಅದನ್ನು ಮುಚ್ಚಿಬಿಟ್ಟಿತು. ಅದು ತುರ್ತಿನ ಯೋಜನೆ, ತುರ್ತು ಮುಗಿಯಿತು ಎಂಬುದು ಕಾರಣ. ಆ ತೀರ್ಮಾನ ತಪ್ಪಾಗಿತ್ತು ಎಂದೇ ನನಗೆ ಅನ್ನಿಸುತ್ತದೆ. ಯುದ್ಧ ನಿಂತರೂ ಸೈನಿಕರ ಮನೆಯಲ್ಲಿ ಮಕ್ಕಳು ಹುಟ್ಟುವುದು ನಿಲ್ಲುವುದಿಲ್ಲ, ಅಲ್ವಾ?

1960ರ ಹೊತ್ತಿಗೆ ಸಮವಸ್ತ್ರ ತೊಟ್ಟವರಿಗಿಂತ ಅವರ ಹೆಂಡತಿ ಮಕ್ಕಳ ಸಂಖ್ಯೆಯೇ ಜಾಸ್ತಿಯಾಗಿತ್ತು. 1965ರಲ್ಲಿ ಭೂಸೇನೆ ಸೈನಿಕ ಕುಟುಂಬಗಳ ನೆರವಿಗೆಂದು 'ಆರ್ಮಿ ಕಮ್ಯುನಿಟಿ ಸರ್ವಿಸ್' ಆರಂಭಿಸಿತು. ಅದರ ಬಹುಪಾಲು ಕೆಲಸ ಮಾಡಿದ್ದು ಸೈನಿಕರ ಹೆಂಡತಿಯರೇ, ಸಂಬಳವಿಲ್ಲದೆ. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಾಗ ಲೆಕ್ಕ ಬದಲಾಯಿತು. ಈಗ ಸೈನಿಕನನ್ನು ಉಳಿಸಿಕೊಳ್ಳಬೇಕು. ಮನೆಯಲ್ಲಿ ನೆಮ್ಮದಿ ಇಲ್ಲದಿದ್ದರೆ ಅವನು ಬಿಟ್ಟು ಹೋಗುತ್ತಾನೆ. ಭೂಸೇನೆಯ ಮುಖ್ಯಸ್ಥ ಜನರಲ್ ಜಾನ್ ವಿಕ್‌ಹ್ಯಾಮ್ 1983ರಲ್ಲಿ ಸೈನಿಕ ಕುಟುಂಬದ ಬಗ್ಗೆ ಒಂದು ಶ್ವೇತಪತ್ರವನ್ನೇ ಹೊರಡಿಸಿದರು. ಸೇನೆಗೂ ಕುಟುಂಬಕ್ಕೂ ಪರಸ್ಪರ ಜವಾಬ್ದಾರಿ ಇದೆ ಎಂದು ಅದು ಒಪ್ಪಿಕೊಂಡಿತು.

ಕಾಗದದ ಮೇಲೆ ಒಪ್ಪಿಕೊಂಡದ್ದು ನೆಲಕ್ಕೆ ಇಳಿಯಲು ಇನ್ನೊಂದು ಪೆಟ್ಟು ಬೀಳಬೇಕಾಯಿತು. ಸೇನಾ ನೆಲೆಗಳ ಡೇಕೇರ್‌ಗಳಲ್ಲಿ ಬೆಂಕಿ ಸುರಕ್ಷತೆಯೂ ಸರಿಯಿಲ್ಲ ಎಂದು ಸರ್ಕಾರದ ಲೆಕ್ಕಪರಿಶೋಧಕರು 1982ರಲ್ಲೇ ವರದಿ ಕೊಟ್ಟಿದ್ದರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಅದೇ ನೆಲೆಯ ಅಂಗಡಿಯಲ್ಲಿ ಸಾಮಾನು ಚೀಲಕ್ಕೆ ತುಂಬಿಸುವವರಿಗಿಂತ ಕಡಿಮೆ ಸಂಬಳ. ಹಾಗಾಗಿ ಯಾರೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. 1986ರ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋ ನೆಲೆಯ ಡೇಕೇರ್‌ನಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಆರೋಪ ಬಂತು. ಡಜನ್‌ಗಟ್ಟಲೆ ಮಕ್ಕಳ ತಂದೆತಾಯಿಗಳು ಮುಂದೆ ಬಂದರು. ಆ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಡೇಕೇರ್‌ಗಳನ್ನು ಯಾರು ನಡೆಸುತ್ತಿದ್ದಾರೆ, ಯಾರು ಪರೀಕ್ಷಿಸುತ್ತಿದ್ದಾರೆ ಎಂಬ ಪ್ರಶ್ನೆ ಸಂಸತ್ತಿನವರೆಗೆ ಹೋಯಿತು.

ಅದರ ಫಲ 1989ರ ಸೈನಿಕ ಶಿಶುಪಾಲನಾ ಕಾಯ್ದೆ. ವರ್ಷಕ್ಕೆ ನಾಲ್ಕು ಸಲ ಮುಂಚೆ ತಿಳಿಸದೆ ತಪಾಸಣೆ ನಡೆಯಬೇಕು. ಮಕ್ಕಳನ್ನು ನೋಡಿಕೊಳ್ಳುವವರಿಗೆ ತರಬೇತಿ ಕಡ್ಡಾಯ, ತರಬೇತಿ ಮುಗಿಸಿದಂತೆಲ್ಲ ಸಂಬಳ ಏರಬೇಕು. ಶುಲ್ಕ ಕುಟುಂಬದ ಆದಾಯಕ್ಕೆ ತಕ್ಕಂತೆ ಇರಬೇಕು. ತಂದೆತಾಯಿ ಕಟ್ಟುವಷ್ಟು ಹಣವನ್ನಾದರೂ ಸರ್ಕಾರ ಸೇರಿಸಬೇಕು. ಈ ನಾಲ್ಕು ನಿಯಮಗಳೇ ಸಾಕಾದವು. ಸಂಬಳ ಏರಿದ ಮೇಲೆ ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಇಳಿಯಿತು. ದಿನಕ್ಕೊಂದು ಹೊಸ ಮುಖ ನೋಡುತ್ತಿದ್ದ ಮಕ್ಕಳಿಗೆ ಪರಿಚಿತ ಮುಖ ಸಿಕ್ಕಿತು. ಅಪ್ಪ ದೂರದಲ್ಲಿರುವ ಮಗುವಿಗೆ ಇದು ಸಣ್ಣ ವಿಷಯವಲ್ಲ. ಹತ್ತು ವರ್ಷದಲ್ಲಿ, ಅಮೆರಿಕದ ಉಳಿದ ಡೇಕೇರ್‌ಗಳು ಸೇನೆಯಿಂದ ಕಲಿಯಬೇಕು ಎಂದು ತಜ್ಞರು ಬರೆಯುವಂತಾಯಿತು.

ಡೇಕೇರ್ ಸುಧಾರಿಸಿತು, ಮನೆಯೊಳಗಿನ ಕಷ್ಟ ಹಾಗೇ ಇತ್ತು. ಅದಕ್ಕೆ ಕೈ ಹಾಕಿದ್ದು 1990ರ ದಶಕದಲ್ಲಿ ಶುರುವಾದ 'ನ್ಯೂ ಪೇರೆಂಟ್ ಸಪೋರ್ಟ್ ಪ್ರೋಗ್ರಾಂ'. ಮರೀನ್ ದಳ ಮತ್ತು ನೌಕಾಪಡೆ ಮೊದಲು, ಭೂಸೇನೆ ಸ್ವಲ್ಪ ತಡವಾಗಿ. ಬಸುರಿಯರಿಂದ ಹಿಡಿದು ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ, ಮರೀನ್ ದಳದಲ್ಲಿ ಐದು ವರ್ಷದವರೆಗೆ, ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಮನೆಗೇ ಬರುತ್ತಾರೆ. ಶುಲ್ಕವಿಲ್ಲ, ಬಲವಂತವೂ ಇಲ್ಲ. ಹಾಲೂಡಿಸುವುದು, ಮಲಗಿಸುವುದು, ಹಟ ಹಿಡಿದಾಗ ಸಮಾಧಾನ ಮಾಡುವುದು, ಎಲ್ಲವನ್ನೂ ಹೇಳಿಕೊಡುತ್ತಾರೆ. ಅಳು ನಿಲ್ಲದ ಕೂಸನ್ನು ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೆ ಮೆದುಳಿಗೆ ಪೆಟ್ಟಾಗುತ್ತದೆ, ಕೈಮೀರಿದಾಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ ಎಂದು ಬಿಡಿಸಿ ಹೇಳುತ್ತಾರೆ. ಅಮ್ಮ ಖಿನ್ನತೆಗೆ ಜಾರುತ್ತಿದ್ದಾಳೆಯೇ ಎಂದೂ ನೋಡುತ್ತಾರೆ. ನಮ್ಮಲ್ಲಿ ಅಜ್ಜಿಯೋ ಅತ್ತೆಯೋ ಮಾಡುವ ಎಷ್ಟೋ ಕೆಲಸವನ್ನು ಅಲ್ಲಿ ಒಬ್ಬ ತರಬೇತಿ ಪಡೆದ ಅಪರಿಚಿತರು ಮಾಡಬೇಕಾಗಿತ್ತು.

ಸರ್ಕಾರ ಮಾಡದಿದ್ದನ್ನು ಮನೆಯವರೇ ಮಾಡಿದ್ದೂ ಇದೆ. ಸ್ಯಾನ್ ಡಿಯೆಗೋದ ಬೆಟ್ಟಿ ಮೊಲೆನ್‌ಬ್ರಾಕ್ ನೌಕಾಪಡೆಯ ವೈದ್ಯರೊಬ್ಬರ ಪತ್ನಿ. ಗಂಡ ವಿಯೆಟ್ನಾಂ ಯುದ್ಧದಿಂದ ವಾಪಸಾದಾಗ ಪುಟ್ಟ ಮಗಳು ಅವರನ್ನು ಗುರುತೇ ಹಿಡಿಯಲಿಲ್ಲ. ಆ ನೋವು ಬೆಟ್ಟಿಯವರ ಮನಸ್ಸಿನಲ್ಲೇ ಉಳಿಯಿತು. 1989ರಲ್ಲಿ ಅವರು, ಸೈನಿಕರು ಮಕ್ಕಳ ಕತೆಪುಸ್ತಕ ಓದುವುದನ್ನು ವಿಡಿಯೋ ಮಾಡಿ ಮನೆಗೆ ಕಳಿಸುವ ಸಂಸ್ಥೆ ಕಟ್ಟಿದರು. ಇವತ್ತು ಅದರ ಹೆಸರು 'ಯುನೈಟೆಡ್ ಥ್ರೂ ರೀಡಿಂಗ್'. ರಾತ್ರಿ ಮಲಗುವ ಹೊತ್ತಿಗೆ ಅಪ್ಪನ ಅಥವಾ ಅಮ್ಮನ ದನಿ ಕೇಳಿದರೆ ಆ ದನಿ ಮಗುವಿಗೆ ಅಪರಿಚಿತವಾಗುವುದಿಲ್ಲ.

2001ರ ನಂತರ ಎಲ್ಲದರ ಪ್ರಮಾಣವೇ ಬದಲಾಯಿತು. ಆಗಿನಿಂದ ಸುಮಾರು 20 ಲಕ್ಷ ಮಕ್ಕಳ ಅಪ್ಪನೋ ಅಮ್ಮನೋ ನಿಯೋಜನೆಯ ಮೇಲೆ ದೂರ ಹೋಗಿದ್ದಾರೆ, ಕೆಲವರು ನಾಲ್ಕೈದು ಸಲ. ಸೇನೆಯಲ್ಲಿ ಪೂರ್ಣಾವಧಿ ಕೆಲಸ ಮಾಡುವವರ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಂದಿ ಐದು ವರ್ಷ ಅಥವಾ ಅದಕ್ಕಿಂತ ಚಿಕ್ಕವರು. ಆದರೂ ಯುದ್ಧದ ಮೊದಲ ವರ್ಷಗಳಲ್ಲಿ ಸಂಶೋಧಕರು ಹೆಚ್ಚಾಗಿ ಮಾತಾಡಿಸಿದ್ದು ದೊಡ್ಡ ಮಕ್ಕಳನ್ನು.

2007ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮಕ್ಕಳ ಮೇಲಿನ ಹಿಂಸೆ ಅಥವಾ ನಿರ್ಲಕ್ಷ್ಯ ಒಮ್ಮೆಯಾದರೂ ಸಾಬೀತಾಗಿದ್ದ 1,771 ಸೈನಿಕ ಕುಟುಂಬಗಳ ದಾಖಲೆಗಳನ್ನು ಅದು ನೋಡಿತ್ತು. ಸೈನಿಕ ಯುದ್ಧಕ್ಕೆ ಹೋಗಿದ್ದ ಅವಧಿಯಲ್ಲಿ ಇಂಥ ಪ್ರಕರಣಗಳ ದರ ಶೇ 42ರಷ್ಟು ಜಾಸ್ತಿ ಇತ್ತು. ಮನೆಯಲ್ಲಿ ಉಳಿದ ತಾಯಂದಿರ ಲೆಕ್ಕದಲ್ಲಿ ಅದು ಮೂರು ಪಟ್ಟು, ನಿರ್ಲಕ್ಷ್ಯ ಮಾತ್ರ ತೆಗೆದುಕೊಂಡರೆ ಸುಮಾರು ನಾಲ್ಕು ಪಟ್ಟು. ಈ ಅಂಕಿಗಳನ್ನು ಓದಿ ತಾಯಂದಿರನ್ನು ದೂರುವುದು ಸುಲಭ. ನನಗೆ ಅದರಲ್ಲಿ ಕಾಣುವುದು ದಣಿವು. ನಿದ್ದೆಯಿಲ್ಲ, ಕೈಗೆ ಕೈ ಕೊಡುವವರಿಲ್ಲ, ಬಾಗಿಲು ತಟ್ಟಿದರೆ ಕೆಟ್ಟ ಸುದ್ದಿ ಬಂತೇನೋ ಎಂಬ ಭಯ. ಹಾಗಿರುವಾಗ ಎರಡು ವರ್ಷದ ಮಗುವಿನ ಹಿಂದೆ ದಿನವಿಡೀ ಓಡುವ ಶಕ್ತಿ ಎಲ್ಲಿಂದ ಬರಬೇಕು? ಮಗುವನ್ನು ಕಾಪಾಡಬೇಕಾದರೆ ಮೊದಲು ಅಮ್ಮನನ್ನು ಹಿಡಿದು ನಿಲ್ಲಿಸಬೇಕು ಎಂಬುದು ಆ ವರದಿಯಿಂದ ಗಟ್ಟಿಯಾಯಿತು.

ಚಿಕ್ಕ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದ್ದು ಸೆಸಮಿ ಸ್ಟ್ರೀಟ್ ಎಂಬ ಮಕ್ಕಳ ಟಿವಿ ಕಾರ್ಯಕ್ರಮದ ತಂಡ. 2006ರಲ್ಲಿ ಅವರು ಮಾಡಿದ ವಿಡಿಯೋದಲ್ಲಿ ಎಲ್ಮೋ ಎಂಬ ಕೆಂಪು ಗೊಂಬೆಯ ಅಪ್ಪ ಕೆಲಸಕ್ಕೆಂದು ಬಹಳ ದಿನ ದೂರ ಹೋಗುತ್ತಾನೆ. 2008ರ ಕಂತಿನಲ್ಲಿ ರೊಸೀಟಾ ಎಂಬ ಇನ್ನೊಂದು ಗೊಂಬೆಯ ಅಪ್ಪ ಗಾಲಿಕುರ್ಚಿಯಲ್ಲಿ ಮನೆಗೆ ಬರುತ್ತಾನೆ. ಇವನ್ನು ಸೈನಿಕ ಕುಟುಂಬಗಳಿಗೆ ಉಚಿತವಾಗಿ ಹಂಚಿದರು. ಅಪ್ಪ ಮೊದಲಿನಂತೆ ಎತ್ತಿ ಕುಣಿಸಲಾರ ಎಂದು ಮೂರು ವರ್ಷದ ಮಗುವಿಗೆ ಹೇಗೆ ಹೇಳುವುದು ಎಂದು ತಿಳಿಯದ ತಾಯಂದಿರಿಗೆ ಒಂದು ಆಸರೆ ಸಿಕ್ಕಿತು.

ವಾಪಸಾದ ಮೇಲಿನ ದಿನಗಳು ಹೋಗುವ ದಿನಗಳಿಗಿಂತ ಕಷ್ಟ ಎಂಬುದು ನಿಧಾನವಾಗಿ ಗೊತ್ತಾಯಿತು. ವಿಮಾನ ನಿಲ್ದಾಣದಲ್ಲಿ ಬಾವುಟ, ಅಪ್ಪುಗೆ, ಫೋಟೋ ಎಲ್ಲ ಆಗುತ್ತದೆ. ಮನೆಗೆ ಬಂದ ಮೇಲೆ ಮಗು ಅಪ್ಪನ ಹತ್ತಿರ ಹೋಗುವುದಿಲ್ಲ, ಅಮ್ಮನ ಸೆರಗಿಗೆ ಅಂಟಿಕೊಳ್ಳುತ್ತದೆ. ಅಪ್ಪನಿಗೆ ಸಣ್ಣ ಸದ್ದಿಗೂ ಮೈ ನಡುಗುತ್ತದೆ, ಮಗುವಿನ ಕಿರುಚಾಟ ತಡೆಯಲಾಗುವುದಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎಲೆನ್ ಡಿವೋ ಮತ್ತವರ ತಂಡ ರೂಪಿಸಿದ 'ಸ್ಟ್ರಾಂಗ್ ಫ್ಯಾಮಿಲೀಸ್ ಸ್ಟ್ರಾಂಗ್ ಫೋರ್ಸಸ್' ಇಂಥ ಮನೆಗಳಿಗೆಂದೇ ಹುಟ್ಟಿತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸಲಹೆಗಾರರು ಬಂದು ಎಂಟು ಭಾಗಗಳಲ್ಲಿ ಕೂತು ಮಾತಾಡುತ್ತಾರೆ. ಮಗು ದೂರ ಸರಿದರೆ ಅದು ದ್ವೇಷವಲ್ಲ, ಈ ಮನುಷ್ಯ ಮತ್ತೆ ಹೋಗಿಬಿಡುತ್ತಾನೇನೋ ಎಂಬ ಅಂಜಿಕೆ ಇರಬಹುದು ಎಂದು ಅಪ್ಪನಿಗೆ ತೋರಿಸಿಕೊಡುವುದು ಇದರ ತಿರುಳು. ಇದನ್ನು ಪರೀಕ್ಷಿಸಿ ನೋಡಿದಾಗ ತಂದೆತಾಯಿಗಳ ಒತ್ತಡ ಇಳಿದದ್ದು ಕಂಡಿತು.

ಇಷ್ಟಾದರೂ ಒಂದು ಗೋಡೆ ಉಳಿದಿದೆ. ಮನೆಗೆ ಬರುವ ನರ್ಸ್‌ನ ಕಾರ್ಯಕ್ರಮ ನಡೆಯುವುದು 1981ರಲ್ಲಿ ಸ್ಥಾಪನೆಯಾದ 'ಫ್ಯಾಮಿಲಿ ಅಡ್ವೊಕೆಸಿ' ವಿಭಾಗದಡಿ. ಮನೆಯೊಳಗಿನ ಹಿಂಸೆಯ ದೂರುಗಳನ್ನು ನೋಡುವುದೂ ಅದೇ ವಿಭಾಗ. ಸಹಾಯ ಕೇಳಿದರೆ ಮಾತು ಕಮಾಂಡರ್ ಕಿವಿಗೆ ಬಿದ್ದು ಬಡ್ತಿಗೆ ತೊಂದರೆಯಾಗಬಹುದು ಎಂದು ಎಷ್ಟೋ ಮಂದಿ ಹೆದರುತ್ತಾರೆ. ಹೆದರಿಕೆಗೆ ಬೆಲೆ ತೆರುವುದು ಮಗು. ಹಾಗಂತ ದೂರುಗಳನ್ನು ನೆಲೆಯೊಳಗೇ ಮುಚ್ಚಿಡುವಂತೆಯೂ ಇಲ್ಲ. ಹವಾಯಿಯಲ್ಲಿ 2005ರಲ್ಲಿ ಸೈನಿಕನೊಬ್ಬನ ಐದು ವರ್ಷದ ಮಗಳು ಮನೆಯಲ್ಲೇ ಹಿಂಸೆಗೆ ಬಲಿಯಾದಳು. ಆಕೆಯ ಹೆಸರಿನಲ್ಲಿ 2016ರಲ್ಲಿ ಬಂದ ಕಾನೂನು, ಅನುಮಾನ ಬಂದರೆ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೂ ತಿಳಿಸಲೇಬೇಕು ಎನ್ನುತ್ತದೆ. ನೆರವು ಕೊಡುವ ಕೈ ಮತ್ತು ತನಿಖೆ ಮಾಡುವ ಕೈ ಬೇರೆ ಬೇರೆ ಇರಬೇಕು ಎಂಬುದು ನನ್ನ ನಂಬಿಕೆ.

ಇನ್ನು ರಜೆ. ಹೆತ್ತ ಸೈನಿಕರಿಗೆ 12 ವಾರದ ಪೂರ್ಣ ಸಂಬಳದ ರಜೆ ಎಲ್ಲ ಪಡೆಗಳಲ್ಲೂ ಒಂದೇ ಸಮ ಎಂದು ಆದದ್ದು 2016ರಲ್ಲಿ. 2022ರಲ್ಲಿ ಭೂಸೇನೆ, ಹೆತ್ತ ತಾಯಿಯನ್ನು 12 ತಿಂಗಳು ನಿಯೋಜನೆಗೆ ಕಳಿಸುವುದಿಲ್ಲ ಎಂದಿತು. 2023ರಿಂದ ಅಪ್ಪಂದಿರಿಗೂ 12 ವಾರ ರಜೆ ಸಿಗುತ್ತಿದೆ.

ನಮ್ಮಲ್ಲಿ? 2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಒಳ್ಳೆಯ ಹೆಜ್ಜೆ ಇಟ್ಟಿತು. ಅಧಿಕಾರಿಗಳಿಗೆ ಸಿಗುತ್ತಿದ್ದ ಹೆರಿಗೆ, ಶಿಶುಪಾಲನಾ ಮತ್ತು ದತ್ತು ರಜೆಯನ್ನೇ ಕೆಳಗಿನ ದರ್ಜೆಯ ಮಹಿಳಾ ಸೈನಿಕರಿಗೂ ಕೊಟ್ಟಿತು. ಆದರೆ ಕೊಡಗಿನಲ್ಲೋ ಬೆಳಗಾವಿಯಲ್ಲೋ ಇರುವ ಜವಾನನ ಹೆಂಡತಿಯ ಪಾಡು ಬೇರೆ. ಗಂಡನಿಗೆ ಫೀಲ್ಡ್ ಪೋಸ್ಟಿಂಗ್, ಅಂದರೆ ಕುಟುಂಬವನ್ನು ಕರೆದೊಯ್ಯಲಾಗದ ಕಡೆ ಕೆಲಸ, ಬಂದರೆ ಅವಳು ಸಾಮಾನ್ಯವಾಗಿ ಮಗುವಿನ ಜೊತೆ ಊರಿಗೆ ಬರುತ್ತಾಳೆ. ಅತ್ತೆ ಮನೆ, ತವರುಮನೆ ಗಟ್ಟಿಯಾಗಿದ್ದರೆ ಸರಿ. ಇಲ್ಲದಿದ್ದರೆ ಅವಳೂ ಒಬ್ಬಳೇ. ಮನೆಗೇ ಹೋಗುವ ವ್ಯವಸ್ಥೆಯನ್ನು ನಾವು ಹೊಸದಾಗಿ ಕಟ್ಟಬೇಕಿಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನದೊಳಗೆ ಹಲವು ಸಲ, ಆಮೇಲೆ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಹೋಗುತ್ತಾರೆ. ಮಗುವಿನ ತೂಕ, ಊಟ, ಲಸಿಕೆ ಕೇಳುವ ಆ ಭೇಟಿಯಲ್ಲೇ, ಗಂಡ ಗಡಿಯಲ್ಲಿದ್ದಾರೆಯೇ, ನಿಮಗೆ ಜೊತೆಗೆ ಯಾರಿದ್ದಾರೆ, ನಿದ್ದೆ ಬರುತ್ತಿದೆಯೇ ಎಂದೂ ಕೇಳಲಿ. ಅವಳು ಒಪ್ಪಿದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ತಿಳಿಸಲಿ. ಆ ಕಚೇರಿಯವರು ಪಿಂಚಣಿಯ ಕಾಗದಪತ್ರ ನೋಡುವಷ್ಟೇ ಕಾಳಜಿಯಿಂದ ಈ ಮನೆಗಳಿಗೂ ಒಂದು ಫೋನ್ ಮಾಡಲಿ.